ತವರಿಗೂ ಗುಳೆಗೂ ನಡುವೆ ತಪ್ಪಿಹೋಗುವ ಮನೆಭೇಟಿ

ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಬೇಕಿದ್ದರೆ ಮೊಬೈಲ್ ಮುಂದೆ ಮುಖ ತೋರಿಸಬೇಕು ಎಂಬ ಕೇಂದ್ರದ ನಿಯಮ 2025ರ ಜುಲೈ 1ರಿಂದ ಕಡ್ಡಾಯವಾಯಿತು. ಅದೇ ವರ್ಷದ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಧರಣಿ ಕುಳಿತಿದ್ದರು. ಇನ್ನೊಂದು ಕಡೆ, ಮೂರು ವರ್ಷದೊಳಗಿನ ಮಕ್ಕಳ ಮನೆಗೆ ಹೋಗಿ ತಾಯಂದಿರಿಗೆ ಆಟ ಆಡಿಸುವುದನ್ನು ತೋರಿಸಿಕೊಡಬೇಕು ಎಂದು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ ನಡೆಯುತ್ತಿದೆ. ಮನೆ ಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯ ಹೊರೆಯೂ ಆಶಾಗಳ ಹೆಗಲಿಗೆ ಬಂದಿದೆ.

ಸಿಂಧನೂರು, ಕುಷ್ಟಗಿ ಅಥವಾ ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಸುರಿಯೋ ಬಾಣಂತಿಯೋ ಇರುವ ಮನೆಯವರಿಗೆ ಇವೆಲ್ಲ ಕಲಸುಮೇಲೋಗರವಾಗಿ ಕಾಣುವುದು ಸಹಜ. ಬರುವವರು ಯಾರು? ಫೋಟೊ ಏಕೆ? ನಿನ್ನೆ ಬಂದವರು ಕೇಳಿದ್ದನ್ನೇ ಇಂದು ಇನ್ನೊಬ್ಬರು ಏಕೆ ಕೇಳುತ್ತಾರೆ? ಇಷ್ಟು ಮಂದಿ ಬಂದರೂ ನಿಜಕ್ಕೂ ಬೇಕಾದ ದಿನ ಯಾರೂ ಬಾರದೆ ಇರುವುದು ಏಕೆ?

ಬರುವವರು ಯಾರು, ಯಾರ ಪರವಾಗಿ?

ಗರ್ಭಿಣಿ ಮತ್ತು ಕೂಸಿನ ಮನೆಗೆ ಭೇಟಿ ಕೊಡುವ ಹೊಣೆ ಎರಡು ಇಲಾಖೆಗಳದ್ದು. ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಸಿಸ್ಟರ್ ಆರೋಗ್ಯ ಇಲಾಖೆಯ ಕಡೆಯವರು. ಅಂಗನವಾಡಿ ಕಾರ್ಯಕರ್ತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು. ತಾಯಿ ಕಾರ್ಡಿನಲ್ಲಿರುವ ಆರ್‌ಸಿಎಚ್ (ತಾಯಿ ಮಗುವಿನ ಆರೋಗ್ಯ ನೋಂದಣಿ) ಸಂಖ್ಯೆ ಮೊದಲಿನ ಇಲಾಖೆಯ ಪೋರ್ಟಲ್‌ಗೆ ಸೇರಿದ್ದು. ಅಂಗನವಾಡಿಯ ಮೊಬೈಲಿನಲ್ಲಿರುವ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಎರಡನೆಯದಕ್ಕೆ ಸೇರಿದ್ದು. ಒಬ್ಬಳೇ ತಾಯಿ ಎರಡು ಲೆಕ್ಕಗಳಲ್ಲಿ ಎರಡು ಬಾರಿ ನೋಂದಣಿಯಾಗುತ್ತಾಳೆ. ಒಂದೇ ಪ್ರಶ್ನೆಯನ್ನು ಇಬ್ಬರು ಕೇಳುವುದಕ್ಕೆ ಇದೇ ಕಾರಣ.

ಆಶಾಗಳ ಭೇಟಿಗೆ ಸ್ಪಷ್ಟ ವೇಳಾಪಟ್ಟಿ ಇದೆ. 2011ರಲ್ಲಿ ಶುರುವಾದ ಮನೆಯಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದ ಪ್ರಕಾರ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆರು ಭೇಟಿ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಸೇರಿ ಏಳು. 2018ರಲ್ಲಿ ಇದಕ್ಕೆ ಮುಂದುವರಿಕೆಯಾಗಿ 3, 6, 9, 12 ಮತ್ತು 15ನೇ ತಿಂಗಳ ಐದು ಭೇಟಿಗಳು ಸೇರಿದವು. ಕೇಂದ್ರ ಸರ್ಕಾರ 'ಮಹತ್ವಾಕಾಂಕ್ಷಿ' ಎಂದು ಕರೆಯುವ, ದೇಶದ ಹಿಂದುಳಿದ ಜಿಲ್ಲೆಗಳಿಗೆ ಮೊದಲ ಆದ್ಯತೆ ಸಿಕ್ಕಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿರುವ ಎರಡು ಜಿಲ್ಲೆಗಳಲ್ಲಿ ರಾಯಚೂರು ಒಂದು, ಯಾದಗಿರಿ ಇನ್ನೊಂದು.

ಅಂಗನವಾಡಿಯ ಕಡೆಯಿಂದ ಬಂದ ಹೊಸ ಸೇರ್ಪಡೆ 'ನವಚೇತನ'. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಬೆಳವಣಿಗೆಗೆಂದು ಕೇಂದ್ರ ಸರ್ಕಾರ 2024ರಲ್ಲಿ ಹೊರತಂದ ಈ ಚೌಕಟ್ಟಿನಲ್ಲಿ 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳಿವೆ. ಕೂಸಿನ ಜೊತೆ ಮಾತನಾಡುವುದು, ಲೋಟ ತಟ್ಟೆಗಳಲ್ಲೇ ಆಡಿಸುವುದು, ಹಾಡುವುದು ಇಂಥವು.

ಏಳನೇ ದಿನ ಆಗಬೇಕಾದುದು

ಮನೆಭೇಟಿ ಎಂದರೆ ಯೋಗಕ್ಷೇಮ ಕೇಳಿ ಸಹಿ ಹಾಕಿಸಿಕೊಂಡು ಹೋಗುವುದು ಎಂಬ ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಕೆಲವೊಮ್ಮೆ ನಡೆಯುವುದೂ ಅಷ್ಟೇ. ಆದರೆ ನಿಯಮದಂತೆ ನಡೆದ ಒಂದು ಭೇಟಿಯನ್ನು ಹತ್ತಿರದಿಂದ ನೋಡಿದರೆ ಅದರ ಬೆಲೆ ಗೊತ್ತಾಗುತ್ತದೆ.

ಆಶಾ ಮೊದಲು ಕೈ ತೊಳೆದುಕೊಳ್ಳಬೇಕು. ಕೌದಿಯಲ್ಲಿ ಸುತ್ತಿದ ಕೂಸನ್ನು ಬಿಡಿಸಿ, ಜೋಲಿಯ ತಕ್ಕಡಿಯಲ್ಲಿ ತೂಗಬೇಕು. ಎರಡೂವರೆ ಕೆ.ಜಿ.ಗಿಂತ ಕಡಿಮೆಯಿದ್ದರೆ ಆ ಮಗುವಿಗೆ ಹೆಚ್ಚಿನ ನಿಗಾ ಬೇಕು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಮೈ ಕಾವು ನೋಡಬೇಕು. ಹೊಕ್ಕುಳಲ್ಲಿ ಕೀವು ಇದೆಯೇ, ಅಂಗಾಲು ತಣ್ಣಗಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಕೂಸಿನ ಎದೆಯ ಮೇಲೆ ಕಣ್ಣಿಟ್ಟು, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಅರವತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಎಣಿಸಬೇಕು. ಎರಡನೇ ಸಲವೂ ಅಷ್ಟೇ ಬಂದರೆ, ಅಥವಾ ಉಸಿರೆಳೆಯುವಾಗ ಪಕ್ಕೆ ಒಳಸೇದುತ್ತಿದ್ದರೆ, ಅದೇ ಗಳಿಗೆ ಆಸ್ಪತ್ರೆಗೆ ಹೊರಡಿಸಬೇಕು. ನ್ಯುಮೋನಿಯಾ, ನಂಜು ಇವೆರಡನ್ನೂ ಮನೆಯವರು ಗುರುತಿಸುವ ಮೊದಲೇ ಈ ಎಣಿಕೆ ಗುರುತಿಸುತ್ತದೆ.

ಬಳಿಕ ತಾಯಿ. ಜ್ವರ, ವಾಸನೆಯ ಸ್ರಾವ, ಹೆಚ್ಚಿನ ರಕ್ತಸ್ರಾವ, ಎದೆಗಟ್ಟುವಿಕೆ ಇದೆಯೇ ಎಂದು ಕೇಳಬೇಕು. ಮಗು ಮೊಲೆ ಹಿಡಿಯುವುದನ್ನು ಎದುರಿಗೇ ನೋಡಬೇಕು, ಬಾಯಿಮಾತಿನ ಉತ್ತರ ಸಾಲದು. ಕಲ್ಯಾಣ ಕರ್ನಾಟಕದ ಬಾಣಂತನದಲ್ಲಿ ಒಳ್ಳೆಯದು ಬಹಳಷ್ಟಿದೆ: ಎಣ್ಣೆ ನೀರು, ವಿಶ್ರಾಂತಿ, ಅಳವಿ ಪಾಯಸ, ಅಂಟಿನ ಉಂಡೆ. ಬೇಡದ್ದೂ ಇದೆ. ಶೀತವಾಗುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಕೂಸಿಗೆ ಜೇನುತುಪ್ಪ ನೆಕ್ಕಿಸುವುದು, ರಾಯಚೂರಿನ ಬೇಸಿಗೆಗೆ ಹೆದರಿ ಹಸುಗೂಸಿಗೆ ನೀರು ಕುಡಿಸುವುದು. ಆರು ತಿಂಗಳವರೆಗೆ ಕೂಸಿಗೆ ಎದೆಹಾಲಿನಲ್ಲಿರುವ ನೀರೇ ಸಾಕು. ಈ ಮಾತನ್ನು ಅಜ್ಜಿಯ ಮನಸ್ಸಿಗೆ ನೋವಾಗದಂತೆ ಹೇಳಿ ಒಪ್ಪಿಸುವುದಕ್ಕೆ ಹೊತ್ತು ಬೇಕು. ನಿಂತ ಕಾಲಲ್ಲಿ ಆಗುವ ಕೆಲಸ ಇದಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಅಂಕಿಅಂಶ ಇಲ್ಲಿ ನೆನಪಿಡಬೇಕು. ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೂ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಹೆರಿಗೆಯನ್ನು ಆಸ್ಪತ್ರೆಗೆ ತರುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವ ಕೆಲಸ ತಾಯಿ ಮಗು ಮನೆಗೆ ಮರಳಿದ ಮೇಲಿನದು.

ಬಳ್ಳಾರಿಯ ಸಾವುಗಳನ್ನು ಇದರೊಂದಿಗೆ ಬೆರೆಸಬಾರದು

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಡ್ರಿಪ್ ಮೂಲಕ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಎದ್ದು ತನಿಖೆ ನಡೆಯಿತು. ಆ ಬಳಿಕ 'ಆಶಾಗಳು ಸರಿಯಾಗಿ ನೋಡಿಕೊಂಡಿದ್ದರೆ' ಎಂಬ ಮಾತು ಅಲ್ಲಲ್ಲಿ ಕೇಳಿಬಂದದ್ದು ಅನ್ಯಾಯ. ಆಸ್ಪತ್ರೆಯೊಳಗಿನ ಔಷಧಿಯ ದೋಷವನ್ನು ಯಾವ ಮನೆಭೇಟಿಯೂ ತಡೆಯಲಾರದು. ಮನೆಭೇಟಿ ಹಿಡಿಯಬಲ್ಲದ್ದು ಬೇರೆ: ಏಳನೇ ತಿಂಗಳಲ್ಲಿ ಏರುತ್ತಿರುವ ರಕ್ತದೊತ್ತಡ, ಮುಖ ಕೈ ಊತ, ಇಳಿದ ಹಿಮೋಗ್ಲೋಬಿನ್, ಹೆರಿಗೆಯ ನಂತರದ ಜ್ವರ, ಹಾಲು ಕುಡಿಯದ ಕೂಸು. ಈ ಎರಡನ್ನೂ ಬೆರೆಸಿದರೆ ಆಸ್ಪತ್ರೆಯ ಹೊಣೆ ಹಳ್ಳಿಯ ಹೆಣ್ಣುಮಗಳ ತಲೆಗೆ ಜಾರುತ್ತದೆ.

ಚೊಚ್ಚಲ ಹೆರಿಗೆ ತವರಿನಲ್ಲಿ, ಪಟ್ಟಿ ಗಂಡನ ಮನೆಯಲ್ಲಿ

ಈಗ ಮುಖ್ಯ ತೊಡಕಿಗೆ ಬರೋಣ. ವ್ಯವಸ್ಥೆಯಲ್ಲಿ ಭೇಟಿಯ ಹೊಣೆ ಊರಿಗೆ ಅಂಟಿಕೊಂಡಿದೆ. ಒಂದು ಊರು, ಅಲ್ಲಿನ ಇಷ್ಟು ಮನೆ, ಅವಕ್ಕೆ ಒಬ್ಬ ಆಶಾ. ಆದರೆ ನಮ್ಮ ಕಡೆಯ ಬಸುರಿ ಒಂದೇ ಊರಲ್ಲಿ ಇರುವುದಿಲ್ಲ.

ಉದಾಹರಣೆಗೆ ಮಾನ್ವಿ ತಾಲ್ಲೂಕಿಗೆ ಮದುವೆಯಾಗಿ ಹೋದ, ಕನಕಗಿರಿ ಕಡೆಯ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಆಗುವುದು ಗಂಡನ ಊರಲ್ಲಿ. ಏಳರಲ್ಲಿ ಕುಪ್ಪಸ (ಸೀಮಂತ) ಮಾಡಿಸಿ ತವರಿಗೆ ಕರೆದೊಯ್ಯುತ್ತಾರೆ. ಹೆರಿಗೆ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಆಗುತ್ತದೆ. ಬಾಣಂತನ ತವರಿನಲ್ಲೇ ಮುಗಿಯುತ್ತದೆ. ಮೂರು ಅಥವಾ ಐದು ತಿಂಗಳಿಗೆ ಕೂಸಿನೊಂದಿಗೆ ಮರಳುತ್ತಾಳೆ. ಅಂದರೆ ಹೆಚ್ಚಿನ ಅಪಾಯ ಇರುವ ಗರ್ಭದ ಕೊನೆಯ ಎರಡು ತಿಂಗಳು ಮತ್ತು ಹೆರಿಗೆಯ ನಂತರದ 42 ದಿನ, ಅವಳ ಹೆಸರು ಬರೆದುಕೊಂಡ ಆಶಾ ಅವಳ ಎದುರಿಗಿರುವುದಿಲ್ಲ. ತವರಿನ ಆಶಾಗೆ ಅವಳು ಹೊರಗಿನವಳು. ಅವಳ ಹಿಂದಿನ ರಕ್ತ ಪರೀಕ್ಷೆ, ರಕ್ತದೊತ್ತಡ ಗೊತ್ತಾಗಬೇಕಾದರೆ ಚೀಲದಲ್ಲಿ ತಾಯಿ ಕಾರ್ಡ್ ಇರಬೇಕು; ಎಷ್ಟೋ ಸಲ ಅದು ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ.

ತವರಿನ ಆಶಾ ಭೇಟಿ ಕೊಡಬಾರದೆಂದು ಯಾರೂ ಹೇಳಿಲ್ಲ. ಎಷ್ಟೋ ಮಂದಿ ಕೊಡುತ್ತಾರೆ. ತೊಂದರೆ ಇರುವುದು ಲೆಕ್ಕದಲ್ಲಿ. ನವಜಾತ ಶಿಶುವಿನ ಭೇಟಿಗಳೆಲ್ಲ ಮುಗಿದ ಮೇಲೆ ಒಟ್ಟಾಗಿ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಅದು ಕೈಗೆ ಬರಬೇಕಾದರೆ ಪೋರ್ಟಲ್‌ನಲ್ಲಿ ದಾಖಲೆ ತಾಳೆಯಾಗಬೇಕು. ದಾಖಲೆ ಒಂದೂರಿನದು, ಕೆಲಸ ಇನ್ನೊಂದೂರಿನದು ಆದಾಗ ಹಣ ನಿಲ್ಲುತ್ತದೆ. ಪೋರ್ಟಲ್‌ಗೆ ಪ್ರೋತ್ಸಾಹಧನ ಜೋಡಿಸುವುದನ್ನು ಕೈಬಿಡಿ ಎಂಬುದು ರಾಜ್ಯದ ಆಶಾಗಳ ಹಳೆಯ ಬೇಡಿಕೆ. ಹೊರಗಿನವರಿಗೆ ಇದು ತಾಂತ್ರಿಕ ತಕರಾರಿನಂತೆ ಕಾಣಬಹುದು. ಪರಿಣಾಮ ಮಾತ್ರ ನೇರವಾಗಿ ಬಾಣಂತಿಯ ಮೇಲೆ: ಲೆಕ್ಕಕ್ಕೆ ಸಿಗದ ಮನೆಗೆ ಹೋಗುವ ಹುರುಪು ಯಾರಿಗೂ ಬಹಳ ದಿನ ಉಳಿಯುವುದಿಲ್ಲ.

ಗುಳೆ ಹೋದ ಕೂಸು

ಎರಡನೇ ಕಂದಕ ಗುಳೆಯದು. ತುಂಗಭದ್ರಾ ಕಾಲುವೆಯ ನೀರು ಕಂಡ ಊರುಗಳಿಗೂ ಕಾಣದ ಊರುಗಳಿಗೂ ಇರುವ ವ್ಯತ್ಯಾಸ ಇಲ್ಲಿ ಎದ್ದು ತೋರುತ್ತದೆ. ದೇವದುರ್ಗ, ಲಿಂಗಸುಗೂರಿನ ದೊಡ್ಡಿ ತಾಂಡಾಗಳಿಂದ, ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಿಂದ ಸುಗ್ಗಿ ಮುಗಿಯುತ್ತಲೇ ಕುಟುಂಬಗಳು ಬೆಂಗಳೂರು, ಪುಣೆ, ಗೋವೆಯ ಕಡೆಗೆ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮೆಣಸಿನಕಾಯಿ ಬಿಡಿಸಲು ಆಂಧ್ರಕ್ಕೆ ಹೋಗುವವರಿದ್ದಾರೆ. ಆರು, ಒಂಬತ್ತು, ಹನ್ನೆರಡನೇ ತಿಂಗಳ ಭೇಟಿಗಳು ಎದೆಹಾಲಿನ ಜೊತೆ ಬೇರೆ ಊಟ ಶುರುಮಾಡುವ, ತೂಕ ಕುಸಿಯುವ, ಭೇದಿ ಹತ್ತುವ ವಯಸ್ಸಿನವು. ಆ ಹೊತ್ತಿಗೆ ಕೂಸು ಯಾವುದೋ ನಗರದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತದೆ. ಊರಿನ ಪುಸ್ತಕದಲ್ಲಿ 'ಮನೆ ಬೀಗ' ಎಂದು ಬರೆದರೆ ಆಶಾ ತಪ್ಪಿತಸ್ಥಳಲ್ಲ, ನಗರದ ಅಂಗನವಾಡಿಗೆ ಆ ಮಗು ಗೊತ್ತೇ ಇಲ್ಲ.

ಲೆಕ್ಕದಿಂದ ಹೊರಗುಳಿಯುವ ಇನ್ನೊಂದು ಗುಂಪಿದೆ, ಅದನ್ನು ಹೇಳಲೇಬೇಕು. ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಈ ಹುಡುಗಿ ಬಸುರಿಯಾದರೆ ನೋಂದಣಿ ಎಂದರೆ ಆಧಾರ್, ಆಧಾರ್ ಎಂದರೆ ವಯಸ್ಸು, ವಯಸ್ಸು ಎಂದರೆ ಪೊಲೀಸ್ ಎಂದು ಮನೆಯವರು ಅಂಜುತ್ತಾರೆ. ಕಾನೂನು ಇರುವುದು ಸರಿ, ಇರಲೇಬೇಕು. ಆದರೆ ಮುಚ್ಚಿಡುವುದರಿಂದ ತಪ್ಪುವುದು ತಪಾಸಣೆ. ರಕ್ತಹೀನತೆ, ರಕ್ತದೊತ್ತಡ, ಕಡಿಮೆ ತೂಕದ ಕೂಸು, ಈ ಅಪಾಯಗಳು ಹೆಚ್ಚಿರುವುದೂ ಇವಳಿಗೇ. ಆರೈಕೆಯ ದಾಖಲೆಯನ್ನು ಮೊಕದ್ದಮೆಯ ದಾಖಲೆಯಿಂದ ದೂರವಿಡುವ ದಾರಿ ಹುಡುಕದಿದ್ದರೆ ಈ ಮನೆಯ ಬಾಗಿಲು ತೆರೆಯುವುದಿಲ್ಲ.

ಮುಖ ತೋರಿಸುವ ನಿಯಮ: ಪರ, ವಿರೋಧ

ಸರ್ಕಾರದ ವಾದ ತಳ್ಳಿಹಾಕುವಂಥದ್ದಲ್ಲ. ಹೆಸರಿಗಷ್ಟೇ ಇರುವ ಫಲಾನುಭವಿಗಳು, ನಡುದಾರಿಯಲ್ಲಿ ಸೋರಿಹೋಗುವ ಪೊಟ್ಟಣಗಳು ಅಂಗನವಾಡಿ ವ್ಯವಸ್ಥೆಯ ಹಳೆಯ ರೋಗ. ಮುಖ ಹೊಂದಿದರೆ ಮಾತ್ರ ಆಹಾರ ಎಂದರೆ ಸುಳ್ಳು ಹೆಸರು ಉಳಿಯುವುದಿಲ್ಲ.

ಕಾರ್ಯಕರ್ತೆಯರ ವಾದವೂ ಅಷ್ಟೇ ಗಟ್ಟಿ. ಮೊದಲು ಆಧಾರ್ ಇ-ಕೆವೈಸಿ (ಆನ್‌ಲೈನ್ ಗುರುತು ದೃಢೀಕರಣ) ಆಗಬೇಕು. ಒಟಿಪಿ ಬರುವ ನಂಬರ್ ಗಂಡನದ್ದು, ಗಂಡ ಗುಳೆಯಲ್ಲಿ. ತಾಂಡಾದಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಆಧಾರ್ ಫೋಟೊ ಮದುವೆಗೆ ಮುಂಚಿನದು, ಬಾಣಂತಿಯ ಮುಖ ಸೊರಗಿದೆ, ಆ್ಯಪ್ ಒಪ್ಪುವುದಿಲ್ಲ. ಹಸಿದವರನ್ನು ಬರಿಗೈಯಲ್ಲಿ ಕಳಿಸುವ ಮುಜುಗರ ಸಚಿವಾಲಯದವರಿಗೆ ಬರುವುದಿಲ್ಲ, ಅದೇ ಓಣಿಯಲ್ಲಿ ಬದುಕುವ ಕಾರ್ಯಕರ್ತೆಗೆ ಬರುತ್ತದೆ.

ಈ ಎರಡು ವಾದಗಳ ಜಗಳದಲ್ಲಿ ಮೂರನೆಯದೊಂದು ಮರೆಯಾಗಿದೆ. ಫೋಟೊ ಸಾಬೀತು ಮಾಡುವುದು ಹಾಜರಿಯನ್ನು, ಆರೈಕೆಯನ್ನಲ್ಲ. 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಅಂಗನವಾಡಿಯೊಂದರಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ಚಿತ್ರ ತೆಗೆದುಕೊಂಡು, ಮೊಟ್ಟೆಯನ್ನು ಮರಳಿ ಎತ್ತಿಕೊಂಡ ಪ್ರಕರಣ ರಾಜ್ಯವನ್ನೇ ತಲೆತಗ್ಗಿಸುವಂತೆ ಮಾಡಿತು. ತಪ್ಪು ಮಾಡಿದವರ ಅಮಾನತು ಆಯಿತು, ಆಗಬೇಕಾದ್ದೇ. ಆದರೆ ಆ ಘಟನೆಯಲ್ಲಿ ಚಿತ್ರ ಸುಳ್ಳಾಗಿರಲಿಲ್ಲ: ಮಕ್ಕಳಿದ್ದರು, ಮೊಟ್ಟೆಯೂ ಇತ್ತು. ಮೇಲಿನವರು ಕೇಳುತ್ತಿದ್ದುದು ಚಿತ್ರವನ್ನು, ಸಿಕ್ಕಿದ್ದೂ ಚಿತ್ರವೇ. ಮನೆಭೇಟಿಗೂ ಇದೇ ಅಳತೆಗೋಲು ಹಿಡಿದರೆ ಬಾಗಿಲಲ್ಲಿ ಫೋಟೊ ತೆಗೆದು ಮುಂದಿನ ಮನೆಗೆ ಹೋಗುವ ಭೇಟಿಗಳೇ ಹೆಚ್ಚುತ್ತವೆ, ಉಸಿರು ಎಣಿಸುವ ಒಂದು ನಿಮಿಷಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಆಟ ಕಲಿಸಲು ಮನೆಗೆ ಹೋಗಬೇಕೇ?

'ಕೂಸನ್ನು ಆಡಿಸುವುದನ್ನು ಸರ್ಕಾರ ಹೇಳಿಕೊಡಬೇಕೇ?' ಎಂಬ ಪ್ರಶ್ನೆ ನವಚೇತನದ ಬಗ್ಗೆ ಏಳುತ್ತದೆ. ಇದಕ್ಕೆ ಜಗತ್ತಿನ ಅತಿ ಹೆಚ್ಚು ಉಲ್ಲೇಖಿತ ಉತ್ತರ ಜಮೈಕಾದ್ದು. 1980ರ ದಶಕದಲ್ಲಿ ಕಿಂಗ್‌ಸ್ಟನ್‌ನ ಬಡ ಬಡಾವಣೆಗಳ, ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಒಂದು ಗುಂಪಿನ ಮನೆಗೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಒಂದು ಗಂಟೆ ತಾಯಿ ಮಗುವಿನ ಜೊತೆ ಮನೆಯಲ್ಲೇ ತಯಾರಿಸಿದ ಆಟಿಕೆಗಳಲ್ಲಿ ಆಡಿದರು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ, ಭೇಟಿ ಸಿಗದ ಅಂಥದೇ ಮಕ್ಕಳಿಗಿಂತ ಶೇ 25ರಷ್ಟು ಹೆಚ್ಚಿತ್ತು.

ನಮಗೆ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಗಡ್‌ಚಿರೋಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಹಳ್ಳಿಯ ಹೆಣ್ಣುಮಕ್ಕಳಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ನವಜಾತ ಶಿಶುಗಳ ಮರಣ ಶೇ 62ರಷ್ಟು ತಗ್ಗಿದ್ದು 1999ರಲ್ಲಿ ಪ್ರಕಟವಾಯಿತು. ಇಂದಿನ ಆಶಾ ಭೇಟಿಗಳ ಮೂಲ ಅದೇ.

ಇವನ್ನು ಉದಾಹರಿಸುವ ಅಧಿಕಾರಿಗಳು ಒಂದು ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಜಮೈಕಾದಲ್ಲಿ ಎರಡು ವರ್ಷಕ್ಕೆ ಹತ್ತಿರಹತ್ತಿರ ನೂರು ಗಂಟೆಗಳ ಭೇಟಿ. ನಮ್ಮಲ್ಲಿ ಮೂರನೇ ತಿಂಗಳಿಂದ ಹದಿನೈದನೇ ತಿಂಗಳವರೆಗೆ ಆಶಾ ಭೇಟಿ ಐದು. ಗಡ್‌ಚಿರೋಲಿಯ ಕಾರ್ಯಕರ್ತೆಯರು ನಂಜಿಗೆ ಚಿಕಿತ್ಸೆಯನ್ನೂ ಕೊಡುತ್ತಿದ್ದರು, ಅವರ ಬೆನ್ನಿಗೆ ನಿಯಮಿತವಾಗಿ ಬಂದು ತಿದ್ದುವ ಮೇಲ್ವಿಚಾರಕರಿದ್ದರು. ಐದು ಭೇಟಿ ಕೊಟ್ಟು ನೂರು ಭೇಟಿಯ ಫಲ ಬರಲಿಲ್ಲವೆಂದು ಮುಂದೊಂದು ದಿನ ಯೋಜನೆಯನ್ನೇ ದೂರುವುದು ಬೇಡ.

ಹಾಗಾದರೆ ವಾರವಾರ ಮನೆಗೆ ಹೋಗಲು ಸಾಧ್ಯವೇ? ಒಡಿಶಾದ ಹಳ್ಳಿಗಳಲ್ಲಿ ನಡೆದ ಪ್ರಯೋಗ ಇಲ್ಲಿ ದಾರಿ ತೋರಿಸುತ್ತದೆ. ತಾಯಂದಿರನ್ನೂ ಮಕ್ಕಳನ್ನೂ ಸಣ್ಣ ಗುಂಪಾಗಿ ಕೂಡಿಸಿ ಆಡಿಸಿದಾಗಲೂ ಮಕ್ಕಳ ಬೆಳವಣಿಗೆಯಲ್ಲಿ ಮನೆಭೇಟಿಯಷ್ಟೇ ಲಾಭ ಕಂಡಿತು, ಖರ್ಚು ಬಹಳ ಕಡಿಮೆ. ಇದನ್ನು ಹಿಡಿದು ಮನೆಭೇಟಿಯೇ ಬೇಡ ಎನ್ನುವವರಿದ್ದಾರೆ. ಆ ಮಾತು ಮೊದಲ ಮೂರು ತಿಂಗಳಿಗೆ ಸಲ್ಲದು: ನಮ್ಮ ಬಾಣಂತಿ ಹೊಸ್ತಿಲು ದಾಟುವುದಿಲ್ಲ, ಏಳು ದಿನದ ಕೂಸನ್ನು ಅಂಗನವಾಡಿಗೆ ತರುವುದೂ ತರವಲ್ಲ. ಕೂಸು ಕುಳಿತುಕೊಳ್ಳುವ ವಯಸ್ಸಿನಿಂದ ಮುಂದಕ್ಕೆ ಅಂಗನವಾಡಿಯಲ್ಲೇ ವಾರದ ಗುಂಪು, ಅಲ್ಲಿಯವರೆಗೆ ಮನೆಯಲ್ಲೇ ಭೇಟಿ, ತೂಕ ಇಳಿದ ಮಕ್ಕಳಿಗೆ ಮಾತ್ರ ಮುಂದೆಯೂ ಮನೆಭೇಟಿ. ಇರುವ ಕೈಗಳಲ್ಲಿ ಆಗಬಹುದಾದುದು ಇದು ಎಂದು ನನ್ನ ಅಭಿಪ್ರಾಯ.

ಸಲಹೆಗೆ ಮುಂಚೆ ಕೂಲಿ

ಬುದ್ಧಿಮಾತು ಹೇಳುವವರಿಗೆ ಹಳ್ಳಿಯಲ್ಲಿ ಸಿಗುವ ನೇರ ಉತ್ತರ, 'ಮನೆಯಲ್ಲಿ ಕುಳಿತರೆ ಹೊಟ್ಟೆಗೇನು?' ಸಂಘಟಿತ ವಲಯದ ಮಹಿಳೆಗೆ 2017ರ ತಿದ್ದುಪಡಿಯಿಂದ 26 ವಾರ ಸಂಬಳಸಹಿತ ರಜೆ. ಹತ್ತಿ ಬಿಡಿಸುವ, ನಾಟಿ ಹಚ್ಚುವ ಹೆಣ್ಣುಮಗಳಿಗೆ ಅದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೂ ಕನಿಷ್ಠ 6,000 ರೂಪಾಯಿ ಹೆರಿಗೆ ನೆರವಿನ ಹಕ್ಕು ಕೊಟ್ಟಿದೆ. ಆದರೆ ಆ ನೆರವು ಕೊಡುವ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000. ಎರಡನೆಯದು ಹೆಣ್ಣಾದರೆ ಮಾತ್ರ 6,000. ಆರು ತಿಂಗಳು ಎದೆಹಾಲನ್ನಷ್ಟೇ ಕೊಡಿ ಎಂದು ಹೇಳುವ ಸರ್ಕಾರ, ಆರು ತಿಂಗಳು ಕೂಲಿ ಬಿಟ್ಟು ಕೂರುವುದಕ್ಕೆ ಕೊಡುವುದು ಇಷ್ಟೇ. ಎರಡು ತಿಂಗಳ ಕೂಸನ್ನು ಅಜ್ಜಿಯ ಬಳಿ ಬಿಟ್ಟು ಹೊಲಕ್ಕೆ ಹೋದ ತಾಯಿಗೆ ತಿಳಿವಳಿಕೆ ಕಡಿಮೆ ಎನ್ನಲಾಗದು.

ಇದೇ ತರ್ಕ ಭೇಟಿ ಕೊಡುವವಳಿಗೂ ಅನ್ವಯಿಸುತ್ತದೆ. ರಾಜ್ಯದಲ್ಲಿ ಸುಮಾರು 42,000 ಆಶಾಗಳಿದ್ದಾರೆ. 2025ರ ಜನವರಿಯ ಧರಣಿ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಖಾತ್ರಿ ಎಂಬ ಭರವಸೆಯೊಂದಿಗೆ ಮುಗಿಯಿತು. ಅದು ಹೇಳಿದಂತೆ ಈಡೇರಲಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು. ಕೆಲಸ ಸ್ವಯಂಸೇವೆಯದೆಂದು ಕರೆದು, ಗುರಿ ನೌಕರಿಯದೆಂದು ವಿಧಿಸಿದಾಗ ಕೈಗೆ ಸುಲಭವಾಗಿ ಹಣ ತರುವ ಕೆಲಸ ಮೊದಲಾಗುತ್ತದೆ, ಬಾಣಂತಿಯ ಪಕ್ಕದಲ್ಲಿ ಅರ್ಧ ಗಂಟೆ ಕೂರುವುದು ಕೊನೆಗೆ ಬೀಳುತ್ತದೆ.

ಮುಂದೆ ಏನಾಗಬಹುದು

ಈಗಿರುವಂತೆಯೇ ಮುಂದುವರಿದರೆ ಮುಖ ಗುರುತಿನ ಶೇಕಡಾವಾರು ಏರುತ್ತದೆ, ಏಕೆಂದರೆ ಮುಖ ಹೊಂದದವರು ನಿಧಾನವಾಗಿ ಪಟ್ಟಿಯಿಂದಲೇ ಬಿಟ್ಟುಹೋಗುತ್ತಾರೆ. ಬಿಟ್ಟುಹೋಗುವವರಲ್ಲಿ ಗುಳೆಯವರು, ತವರಿಗೆ ಹೋದವರು, ಆಧಾರ್ ಸರಿಯಿಲ್ಲದವರು ಮೊದಲಿಗರು. ಅಂಕಿಅಂಶ ಸುಧಾರಿಸಿದಂತೆ ಕಾಣುವ ಹೊತ್ತಿಗೆ ಕಲ್ಯಾಣ ಕರ್ನಾಟಕದ ಬಡ ಕುಟುಂಬಗಳೇ ಅದರಿಂದ ಹೊರಗಿರುತ್ತವೆ.

ಬೇರೆ ದಾರಿಗೆ ಹೊಸ ಯೋಜನೆ ಬೇಕಿಲ್ಲ. ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ಈಗಾಗಲೇ ಇದೆ. ಏಳನೇ ತಿಂಗಳ ತಪಾಸಣೆಗೆ ಬಂದ ಪ್ರತಿ ಗರ್ಭಿಣಿಯನ್ನು 'ಬಾಣಂತನ ಯಾವ ಊರಲ್ಲಿ?' ಎಂದು ಕೇಳಿ, ಆ ಊರಿನ ಆಶಾ ಮತ್ತು ಅಂಗನವಾಡಿಗೆ ಹೆಸರು, ಹೆರಿಗೆಯ ಅಂದಾಜು ದಿನ, ರಕ್ತದೊತ್ತಡ, ಹಿಮೋಗ್ಲೋಬಿನ್ ತಲುಪಿಸಲು ಒಂದು ಫೋನ್ ಕರೆ ಸಾಕು. ಪ್ರೋತ್ಸಾಹಧನವನ್ನು ಹೆಸರು ಬರೆದವರಿಗೆ ಬದಲಾಗಿ ಆ ದಿನ ಮನೆಗೆ ಹೋದವರಿಗೆ ಭೇಟಿವಾರು ಕೊಡಬಹುದು. ಗುಳೆ ಹೊರಡುವ ತಿಂಗಳು ಯಾವುದೆಂದು ತಾಲ್ಲೂಕಿನ ಎಲ್ಲರಿಗೂ ಗೊತ್ತಿರುವುದರಿಂದ, ಹೊರಡುವ ಮುನ್ನವೇ ಮಕ್ಕಳ ತೂಕ ತೆಗೆದು, ಲಸಿಕೆ ಮುಗಿಸಿ, ಹೋಗುವ ನಗರದ ಅಂಗನವಾಡಿಗೆ ಹೆಸರು ವರ್ಗಾಯಿಸುವುದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮಟ್ಟದಲ್ಲೇ ಆಗುವ ಕೆಲಸ. ಇದಕ್ಕೆ ಎರಡು ಇಲಾಖೆಗಳ ತಾಲ್ಲೂಕು ಅಧಿಕಾರಿಗಳು ತಿಂಗಳಿಗೊಮ್ಮೆ ಒಂದೇ ಪಟ್ಟಿ ಇಟ್ಟುಕೊಂಡು ಎದುರುಬದುರು ಕೂರಬೇಕು.

ಅಲ್ಲಿಯವರೆಗೆ ಮನೆಯವರು ತಾವೇ ಮಾಡಬಹುದಾದದ್ದು ಎರಡಿದೆ. ಮಗಳನ್ನು ತವರಿಗೆ ಕರೆತಂದ ದಿನವೇ ತಾಯಿ ಕಾರ್ಡ್ ಹಿಡಿದು ಊರಿನ ಆಶಾಗೆ ತಿಳಿಸುವುದು. ಹೆರಿಗೆಯಾಗಿ ಮನೆಗೆ ಬಂದ ಮೇಲೆ 3ನೇ ಮತ್ತು 7ನೇ ದಿನ ಯಾರೂ ಬರದಿದ್ದರೆ ತಾವೇ ಕರೆ ಕಳುಹಿಸುವುದು. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ಯಾವ ಭೇಟಿಗೂ ಕಾಯದೆ 108ಕ್ಕೆ ಕರೆ ಮಾಡಬೇಕು.